ಕಾಪುವಿನ ಇಂಜಿನ್, ಕಾರ್ಕಳದ ಮೂತಿ

ನನ್ನ ಗಂಡನ ಬಾಯಿಂದ ‘ಇಲ್ಲ’ ಎನ್ನುವ ಶಬ್ದ ಹೊರಗೆ ಬರುವುದಿಲ್ಲ. ದಾಕ್ಷಿಣ್ಯಕ್ಕೆ ಬಸಿರಾಗುವುದು ಅಂತ ಹೇಳುತ್ತಾರಲ್ಲ, ಗಂಡಸರಿಗೂ ಅದು ಸಾಧ್ಯ ಅಂತ ನನಗೆ ಗೊತ್ತಾದದ್ದು ಮದುವೆಯಾದ ಮೇಲೆ. ಬನ್ನಂಜೆಯಲ್ಲಿ ನಮ್ಮ ಮನೆ, ಮನೆಯ ಅಂಗಳವೇ ಇವರ ಗ್ಯಾರೇಜು. ಹಳೇ ಲಾರಿಗಳ ಟಿಂಕರಿಂಗ್, ವೆಲ್ಡಿಂಗ್, ಇಂಜಿನ್ ಇಳಿಸುವುದು, ಏರಿಸುವುದು. ಕೈ ಚಿನ್ನ, ನಾಲಿಗೆ ಮಾತ್ರ ಬೆಣ್ಣೆ.

ಇವರಿಗೆ ಇಬ್ಬರು ಭಾವಂದಿರು. ಒಬ್ಬ ಕಾಪುವಿನಲ್ಲಿರುವ ನನ್ನ ಅಣ್ಣ, ಮೀನಿನ ವ್ಯಾಪಾರಿ. ಇನ್ನೊಬ್ಬರು ಕಾರ್ಕಳದಲ್ಲಿರುವ ಇವರ ಅಕ್ಕನ ಗಂಡ, ಕಲ್ಲಿನ ವ್ಯಾಪಾರಿ. ಇಬ್ಬರ ಹತ್ತಿರವೂ ಒಂದೊಂದು ಹಳೇ ಲಾರಿ, ಮೂತಿ ಮುಂದೆ ಚಾಚಿಕೊಂಡ, ಈಗ ರಸ್ತೆಯಲ್ಲಿ ನೋಡಲು ಸಿಗದ ಮಾದರಿ. ಮಕ್ಕಳು ಹೊಸ ಗಾಡಿ ತೆಗೆದುಕೊಂಡ ಮೇಲೆ ಎರಡೂ ಮನೆಯ ಬದಿಯಲ್ಲಿ ಸುಮ್ಮನೆ ನಿಂತಿದ್ದವು. ಗುಜರಿಗೆ ಹಾಕಿ ಎಂದರೆ ಇಬ್ಬರಿಗೂ ಸಿಟ್ಟು. ಹೆತ್ತವರಿಗೆ ಹೆಗ್ಗಣ ಮುದ್ದು, ಮತ್ತೆಂತ ಹೇಳುವುದು! ಅಣ್ಣನ ಲಾರಿಯ ಇಂಜಿನ್ ಗಟ್ಟಿಮುಟ್ಟು, ಆದರೆ ಮೀನಿನ ನೀರು ಮತ್ತು ಕಡಲ ಗಾಳಿ ಸೇರಿ ಬಾನೆಟ್ಟನ್ನು ಜರಡಿ ಮಾಡಿದ್ದವು. ಕಾರ್ಕಳದ ಭಾವನ ಲಾರಿಗೆ ತುಕ್ಕಿನ ಸುದ್ದಿಯೇ ಇಲ್ಲ, ಮೂತಿ ಮದುಮಗನ ಹಾಗೆ. ಕಲ್ಲು ಎಳೆದೂ ಎಳೆದೂ ಅದರ ಇಂಜಿನ್ ಮಾತ್ರ ಸತ್ತೇ ಹೋಗಿತ್ತು.

ನಮ್ಮ ಮಗಳಿಗೆ ಮದುವೆ ನಿಶ್ಚಯವಾಯಿತು. ಈಗಿನವರಿಗೆ ಉಂಡದ್ದಕ್ಕೂ ಫೋಟೋ, ಮಲಗಿದ್ದಕ್ಕೂ ಫೋಟೋ. ಹಳೇ ಕಾಲದವರ ಹಾಗೆ ಲಾರಿಯಲ್ಲೇ ದಿಬ್ಬಣ ಹೋಗಬೇಕು ಎಂದು ಅವಳಿಗೆ ಆಸೆ. ಅದನ್ನು ಇಬ್ಬರು ಮಾವಂದಿರ ಹತ್ತಿರವೂ ಬಾಯಿ ಬಿಟ್ಟಳು. ಅಣ್ಣ ಇವರಿಗೆ ಫೋನ್ ಮಾಡಿ, ನನ್ನ ಲಾರಿಗೆ ಎಲ್ಲಿಂದಾದರೂ ಒಂದು ಬಾನೆಟ್ ಹುಡುಕಿ ಹಾಕಿ ಎಂದ. ಇವರು ‘ಆಯ್ತು ಭಾವ’ ಎಂದರು. ಮರುದಿನ ಕಾರ್ಕಳದ ಭಾವ ಫೋನ್ ಮಾಡಿ, ನನ್ನ ಲಾರಿಗೆ ಒಂದು ಇಂಜಿನ್ ನೋಡಿ ಕೂರಿಸಿ ಎಂದರು. ಅದಕ್ಕೂ ‘ಆಯ್ತು ಭಾವ’. ಎರಡು ಲಾರಿಗಳು, ಒಂದು ಓಡಿಕೊಂಡು, ಇನ್ನೊಂದು ಎಳೆಸಿಕೊಂಡು, ನಮ್ಮ ಅಂಗಳಕ್ಕೆ ಬಂದು ನಿಂತಾಗಲೇ ನನಗೆ ಸಂಗತಿ ಗೊತ್ತಾದದ್ದು. ಅಷ್ಟರಲ್ಲಿ ಇವರು ಮಂಗಳೂರಿನವರೆಗಿನ ಗುಜರಿ ಅಂಗಡಿಗಳನ್ನೆಲ್ಲ ಜಾಲಾಡಿ ಬಂದಿದ್ದರು. ಅಂಥ ಬಾನೆಟ್ಟೂ ಸಿಕ್ಕಿರಲಿಲ್ಲ, ಅಂಥ ಇಂಜಿನ್ನೂ ಸಿಕ್ಕಿರಲಿಲ್ಲ. ಎರಡು ಲಾರಿ ಸೇರಿಸಿ ಒಂದು ಮಾಡಬಹುದೇ ಹೊರತು ಬೇರೆ ದಾರಿ ಇರಲಿಲ್ಲ.

ನಾನು ಹಣೆ ಹಣೆ ಚಚ್ಚಿಕೊಂಡೆ. ಹುಡುಗಿಯನ್ನು ಮಂಟಪಕ್ಕೆ ಕೈಹಿಡಿದು ತರಬೇಕಾದವನು ಸೋದರಮಾವ, ಅಂದರೆ ನನ್ನ ಅಣ್ಣ. ಅವಳ ಜಡೆಗೆ ಮೊದಲ ಮಲ್ಲಿಗೆ ಮುಡಿಸಬೇಕಾದವಳು ಅತ್ತೆ, ಅಂದರೆ ಕಾರ್ಕಳದ ಅತ್ತಿಗೆ. ಯಾರ ಲಾರಿ ಹೋಗದಿದ್ದರೂ ಆ ಮನೆಯವರು ಮುನಿಸಿಕೊಂಡು ಬರುವುದಿಲ್ಲ. ಇಬ್ಬರಿಗೂ ಕೋಪ ಮೂಗಿನ ತುದಿಯಲ್ಲೇ. ಮದುವೆಗೆ ಉಳಿದದ್ದು ಮೂರೇ ವಾರ. ತವರು ಬೇಕಾ, ಗಂಡನ ಮನೆ ಬೇಕಾ ಎಂದು ಈ ವಯಸ್ಸಿನಲ್ಲಿ ನನ್ನನ್ನು ಕೇಳಿದ ಹಾಗಾಯಿತು.

ಬೈದು ಮುಗಿಸಿದ ಮೇಲೆ ನಾನೇ ಹೇಳಿದೆ, ಮೊದಲು ಒಂದು ಲಾರಿ ಮಾಡಿ, ಮತ್ತಿನದು ನಾನು ನೋಡಿಕೊಳ್ಳುತ್ತೇನೆ ಎಂದು.

ಕಾಪುವಿನ ಇಂಜಿನನ್ನು ಸರಪಳಿ ಕಟ್ಟಿ ಎತ್ತಿ ಕಾರ್ಕಳದ ಲಾರಿಗೆ ಇಳಿಸಿದರು. ಇಳಿಯಿತು, ಆದರೆ ಬಾನೆಟ್ ಮುಚ್ಚಲಿಲ್ಲ. ಅಣ್ಣ ಯಾವ ಕಾಲದಲ್ಲೋ ಬೇರೆ ದೊಡ್ಡ ಇಂಜಿನ್ ಹಾಕಿಸಿದ್ದ, ಅದು ನಾಲ್ಕು ಬೆರಳು ಎತ್ತರ. ಬಾನೆಟ್ಟನ್ನು ಕೊಯ್ದು ಮೇಲೊಂದು ಗೂನು ಬೆಸೆದರೆ ಅರ್ಧ ದಿನದ ಕೆಲಸ. ಆದರೆ ಆ ಮೂತಿಗೆ ಗೂನು ಬಂದರೆ ಕಾರ್ಕಳದ ಭಾವ ಉಳಿಸುತ್ತಾರಾ? ಕಡೆಗೆ ಇವರು ಇಂಜಿನ್ ಕೂರುವ ಕಬ್ಬಿಣದ ಕಾಲುಗಳನ್ನೇ ಕೊಯ್ದು ಗಿಡ್ಡ ಮಾಡಿದರು, ಗಾಳಿ ಎಳೆಯುವ ಡಬ್ಬಿಯನ್ನು ತಲೆಯ ಮೇಲಿಂದ ತೆಗೆದು ಪಕ್ಕಕ್ಕೆ ಇಟ್ಟರು, ರೇಡಿಯೇಟರನ್ನು ಮುಂದಕ್ಕೆ ತಳ್ಳಿದರು. ಎಂಟು ದಿನ ಅದೇ. ಊಟಕ್ಕೆ ಕರೆದರೆ, ಇನ್ನು ಒಂದೂವರೆ ಬೆರಳು ಉಂಟು, ಇನ್ನು ಅರ್ಧ ಬೆರಳು ಉಂಟು ಎಂದು ಉತ್ತರ. ಬಾನೆಟ್ ಟಪ್ಪೆಂದು ಕೂತ ದಿನ ನನ್ನನ್ನು ಒಲೆಯ ಎದುರಿನಿಂದ ಎಬ್ಬಿಸಿಕೊಂಡು ಹೋಗಿ ಮೂರು ಸಲ ಮುಚ್ಚಿ, ತೆರೆದು ತೋರಿಸಿದರು.

ಆ ಇಬ್ಬರನ್ನು ಅಂಗಳದಿಂದ ದೂರ ಇಡುವ ಕೆಲಸ ನನ್ನದು. ಪೇಂಟ್ ಹಸಿ ಉಂಟು, ಧೂಳು ಕೂರುತ್ತದೆ ಎಂದು ಇಬ್ಬರಿಗೂ ಹೇಳಿದೆ. ಅಣ್ಣ ಕೇಳಲಿಲ್ಲ. ನನಗೆ ಇಂಜಿನ್ ಶಬ್ದವಾದರೂ ಕೇಳಿಸು ಎಂದ. ಫೋನನ್ನು ಇಂಜಿನ್ ಹತ್ತಿರ ಹಿಡಿದೆ. ಆಚೆಯಿಂದ, ಹಾಂ, ನನ್ನದೇ ಎಂದು ಅವನಿಗೆ ಸಂತೋಷವೋ ಸಂತೋಷ. ಭಾವನಿಗೆ ಲಾರಿಯ ಮುಂದಿನಿಂದ ಒಂದು ಫೋಟೋ ತೆಗೆದು ಕಳಿಸಿದೆ. ಅವರೂ ಅದನ್ನೇ ಹೇಳಿದರು, ನನ್ನದೇ ಎಂದು. ನಾನು ಒಂದೇ ಒಂದು ಸುಳ್ಳು ಹೇಳಿದ್ದರೆ ಕೇಳಿ ಮಾರಾಯ್ರೇ. ಅಣ್ಣನಿಗೆ ಕಾರ್ಕಳ ಕಡೆಯ ಬಾನೆಟ್ ಸಿಕ್ಕಿತು ಎಂದೆ, ಭಾವನಿಗೆ ಕಡಲ ಕಡೆಯ ಇಂಜಿನ್ ಸಿಕ್ಕಿತು ಎಂದೆ. ಅಷ್ಟೆ.

ಮದುವೆಗೆ ನಾಲ್ಕು ದಿನ ಇರುವಾಗ ಬೆಳಿಗ್ಗೆ ಭಾವ ಹೇಳದೆ ಕೇಳದೆ ಕಾರ್ಕಳದ ಬಸ್ಸಿಳಿದು ಬಂದರು. ಹಸಿರು ಪೇಂಟಿನಲ್ಲಿ ಹೊಳೆಯುತ್ತಿದ್ದ ಮೂತಿಯನ್ನು ಸವರುತ್ತಾ ನಿಂತರು. ಅವರಿಗೆ ಚಾ ಇಡೋಣ ಎಂದು ಒಳಗೆ ಹೋಗಿದ್ದೇನೆ, ಅಣ್ಣನೂ ಬಂದ. ಬಂದವನು ಕಾಲು ತೊಳೆಯಲು ಹಿತ್ತಿಲ ನಳ್ಳಿಗೆ ಹೋದ. ಅಲ್ಲಿ ಟಾರ್ಪಾಲು ಹೊದ್ದುಕೊಂಡು ನಿಂತಿತ್ತು ಅವನ ಲಾರಿ, ಹೊಟ್ಟೆ ಖಾಲಿ. ಟಾರ್ಪಾಲಿನ ತುದಿ ಎತ್ತಿ ನೋಡಿದ. ಅಂಗಳಕ್ಕೆ ಬಂದವನು, ಇಲ್ಲಿರುವುದು ಯಾರ ಲಾರಿ ಎಂದು ಕೇಳಿದ. ನನ್ನದು ಎಂದರು ಭಾವ. ಒಳಗಿರುವ ಇಂಜಿನ್ ಯಾರದ್ದು ಎಂದ ಅಣ್ಣ. ಆರ್‌ಸಿ ನನ್ನ ಹೆಸರಿನಲ್ಲಿ ಉಂಟು ಎಂದರು ಭಾವ. ಆರ್‌ಸಿ ಓಡುತ್ತದಾ ಎಂದ ಅಣ್ಣ.

ನಮ್ಮವರು ಎಲ್ಲಿ? ಸ್ಪ್ಯಾನರ್ ಹಿಡಿದುಕೊಂಡು ಲಾರಿಯ ಅಡಿಗೆ ನುಗ್ಗಿ ಮಲಗಿದ್ದರು. ಅಡಿಯಲ್ಲಿ ಬಿಗಿ ಮಾಡಲು ಎಂತದೂ ಬಾಕಿ ಇರಲಿಲ್ಲ. ಎರಡು ಪಾದ ಮಾತ್ರ ಹೊರಗೆ ಕಾಣುತ್ತಿತ್ತು. ನಾನು ಪಾದ ಹಿಡಿದು ಎಳೆದೆ, ಅವರು ಒಳಗೆ ಎಂತದನ್ನೋ ಗಟ್ಟಿ ಹಿಡಿದುಕೊಂಡಿದ್ದರು, ಬರಲಿಲ್ಲ.

ಮಾತು ಏರಿತು. ಹಾಗಾದರೆ ನನ್ನ ಇಂಜಿನ್ ಬಿಚ್ಚಿ ಕೊಡಿ, ದಿಬ್ಬಣಕ್ಕೆ ನಾನಿಲ್ಲ ಎಂದ ಅಣ್ಣ. ನಮಗೂ ಕಾರ್ಕಳದಲ್ಲಿ ಬೇಕಾದಷ್ಟು ಕೆಲಸ ಉಂಟು ಎಂದು ಭಾವ ಚಪ್ಪಲಿ ಹುಡುಕಿದರು. ಮಗಳು ಬಾಗಿಲಲ್ಲಿ ನಿಂತು ಉಗುರು ಕಚ್ಚುತ್ತಿದ್ದಳು. ನನಗೆ ತಲೆ ಕೆಟ್ಟು ಹೋಯಿತು. ಚಾದ ತಟ್ಟೆಯನ್ನು ಕಲ್ಲಿನ ಮೇಲೆ ಕುಕ್ಕಿದೆ.

“ನನ್ನನ್ನು ಕಾಪುವಿನಿಂದ ಎತ್ತಿ ತಂದು ಈ ಮನೆಯಲ್ಲಿ ಕೂರಿಸಿ ಇಪ್ಪತ್ತೆಂಟು ವರ್ಷ ಆಯಿತು,” ಎಂದೆ. “ನಾನು ಯಾರ ಮನೆಯವಳು? ಅದನ್ನು ಇಬ್ಬರೂ ಸೇರಿ ಹೇಳಿ. ಲಾರಿ ಯಾರದ್ದು ಅಂತ ಆಮೇಲೆ ನಾನು ಹೇಳುತ್ತೇನೆ.”

ನಮ್ಮವಳು ಎಂದು ಅಣ್ಣ ಹೇಳಿದರೆ ಈ ಮನೆಗೆ ಅವಮಾನ, ನಮ್ಮವಳು ಎಂದು ಭಾವ ಹೇಳಿದರೆ ಆ ಮನೆಗೆ. ಭಾವ ಬಾನೆಟ್ಟಿನ ಮೇಲೆ ಇಲ್ಲದ ಧೂಳನ್ನು ಶಾಲಿನಿಂದ ಒರೆಸಿದರು. ಚಾ ತಣಿಯುತ್ತದೆ ಎಂದು ಲಾರಿಯ ಅಡಿಯಿಂದ ಒಂದು ಸ್ವರ ಬಂತು. ಇಬ್ಬರೂ ಚಾ ಕುಡಿದರು. ಮಧ್ಯಾಹ್ನ ಊಟ ಮಾಡಿಯೇ ಹೋದರು.

ಮದುವೆಯ ದಿನ ಶಂಕರಪುರದಿಂದ ತರಿಸಿದ ಮಲ್ಲಿಗೆಯಲ್ಲಿ ಮೂತಿ ಪೂರ್ತಿ ಮುಚ್ಚಿತ್ತು. ಅಣ್ಣ ಸ್ಟಿಯರಿಂಗ್ ಹಿಡಿದ, ಭಾವ ಆಚೆ ಬದಿಯಲ್ಲಿ, ನಡುವೆ ಮಗಳು. ಉಳಿದವರೆಲ್ಲ ಹಿಂದೆ ಬಸ್ಸಿನಲ್ಲಿ. ಹಾಲ್ ಇದ್ದದ್ದು ಮಣಿಪಾಲದಲ್ಲಿ, ಹಾಗಾಗಿ ಗುಡ್ಡ ಹತ್ತಬೇಕು. ಹತ್ತಿತು ನೋಡಿ, ಗೇರ್ ಕೂಡ ಬದಲಿಸದೆ ಹತ್ತಿತಂತೆ. ಅಣ್ಣ, ಹೇಗೆ ಎಳೆಯುತ್ತದೆ ನೋಡಿದಿರಾ ಎಂದನಂತೆ. ಜನ ಹೇಗೆ ನೋಡುತ್ತಾರೆ ನೋಡಿದಿರಾ ಎಂದರಂತೆ ಭಾವ. ದಾರಿಯುದ್ದಕ್ಕೂ ಇದೇ, ನನಗೆ ನಗು ತಡೆಯಲಿಕ್ಕಾಗಲಿಲ್ಲ ಅಮ್ಮ ಎಂದಳು ಮಗಳು. ಅತ್ತಿಗೆ ಮಲ್ಲಿಗೆ ಮುಡಿಸಿದರು, ಅಣ್ಣ ಕೈಹಿಡಿದು ಮಂಟಪಕ್ಕೆ ತಂದ, ಯಾವುದಕ್ಕೂ ಕೊರತೆ ಆಗಲಿಲ್ಲ.

ಸಂಜೆ ಅದೇ ಲಾರಿಯಲ್ಲಿ ಅವಳನ್ನು ಗಂಡಿನ ಮನೆಗೆ ಬಿಡಲು ಹೋದೆವು. ದೀಪ ಹಿಡಿದು ಒಳಗೆ ಕರೆದರು, ಶರಬತ್ತು ಕೊಟ್ಟರು. ಇನ್ನು ಹೊರಡೋಣ ಎಂದಾಯಿತು. ಅಣ್ಣ ಸೀಟಿಗೆ ಹತ್ತಿದವನು ಕೀಲಿಯನ್ನೂ ತಿರುಗಿಸದೆ ಕೆಳಗಿಳಿದ. ಇಂಜಿನ್ ಯಾಕೋ ಸರಿ ಇಲ್ಲ ಎಂದ. ಭಾವ, ಹೌದು ಹೌದು, ನೋಡಬೇಕು ಎಂದರು. ಬಾಡಿದ ಮಲ್ಲಿಗೆ ಸರಿಸಿ, ಬಾನೆಟ್ ಎತ್ತಿ, ಇಬ್ಬರೂ ಆಚೆ ಈಚೆ ನಿಂತು ತಲೆ ಒಳಗೆ ಹಾಕಿದರು. ಐದು ನಿಮಿಷವಾಯಿತು, ಹತ್ತಾಯಿತು. ಗಂಡಿನ ಕಡೆಯವರು ಪಾಪ, ಹತ್ತಿರದಲ್ಲೇ ಮೆಕ್ಯಾನಿಕ್ ಇದ್ದಾನೆ, ಕರೆಸುತ್ತೇವೆ ಎಂದರು. ಬೇಡ ಎಂದು ನಾನು ಹತ್ತಿರ ಹೋದೆ. ಇಬ್ಬರ ಬೆನ್ನೂ ನಡುಗುತ್ತಿತ್ತು. ಭಾವನ ಶಾಲು ಅಣ್ಣನ ಕೈಯಲ್ಲಿತ್ತು, ಮೂಗು ಒರೆಸಿಕೊಳ್ಳುತ್ತಿದ್ದ. ನನ್ನನ್ನು ನೋಡಿ, ಏನಿಲ್ಲ, ಸ್ವಲ್ಪ ಆಯಿಲ್ ಜಿನುಗುತ್ತಾ ಉಂಟು ಎಂದ.

ಎಲ್ಲಿ ನೋಡುವ ಎಂದು ನಾನೂ ಅವರ ನಡುವೆ ತಲೆ ಒಳಗೆ ಹಾಕಿದೆ.