ತವನಪ್ಪನವರು ಏಳುವ ಹೊತ್ತು
ತೊಂಬತ್ತರ ದಶಕದ ಅಥಣಿಯಲ್ಲಿ ಸಭೆ ಎಲ್ಲೇ ಇರಲಿ, ಮೊದಲ ಸಾಲಿನ ಮೊದಲ ಕುರ್ಚಿ ಜವಳಿ ಅಂಗಡಿಯ ತವನಪ್ಪನವರದು. ಚಿತ್ರಕಲಾ ಪ್ರದರ್ಶನವಾದರೆ ಪ್ರತಿ ಚಿತ್ರದ ಅಂಚನ್ನೂ ಸೀರೆಯಂಚಿನ ಹಾಗೆ ಬೆರಳಲ್ಲಿ ಸವರಿ, "ಬಣ್ಣ ಗಟ್ಟಿ ಐತ್ರಿ, ಹೋಗಂಗಿಲ್ಲ" ಎಂದು ಸರ್ಟಿಫಿಕೇಟು ಕೊಡುತ್ತಿದ್ದರು. ಆದರೆ ಜೈನ ಮನೆತನ. ಹೊತ್ತು ಮುಳುಗಿದ ಮೇಲೆ ಅನ್ನ ಮುಟ್ಟುವಂತಿಲ್ಲ. ಭಾಷಣ ಎಂಥವರದೇ ಇರಲಿ, ಕಿಟಕಿಯ ಬಿಸಿಲು ಕೆಂಪಾದೊಡನೆ ಛತ್ರಿ ಎತ್ತಿಕೊಂಡು, "ಉಳದದ್ದು ಮುಂದಿನ ಸಲ ಬಂದಾಗ ಹೇಳ್ರಿ" ಎಂದು ಎದ್ದುಬಿಡುತ್ತಿದ್ದರು. ಅವರೆದ್ದರೆ ಸಭೆ ಮುಗಿಯಿತೆಂದು ಹಿಂದಿನವರೂ ಏಳುತ್ತಿದ್ದರು. ಹೀಗಾಗಿ ನಲವತ್ತು ವರ್ಷ ಭಾಷಣ ಕೇಳಿದರೂ ಒಂದರ ಕೊನೆಯೂ ಅವರಿಗೆ ಗೊತ್ತಿರಲಿಲ್ಲ. ಒಂದು ವರ್ಷ ಪ್ರದರ್ಶನದಲ್ಲಿ ಮಾತಾಡಲು ಬಂದ ಹೆಸರಾಂತ ಕಲಾವಿದೆ ಬಣ್ಣ ಮುಟ್ಟುವವರಲ್ಲ. ಜನರೆದುರು ದಿನವಿಡೀ ಅಲುಗದೆ ಕೂರುವುದೇ ಅವರ ಕಲೆ. "ಒಮ್ಮೆ ಸಂಜೆಯಾಗುತ್ತಲೇ ಎಲ್ಲರೂ ಎದ್ದು ಹೋದರು. ಖಾಲಿ ಕುರ್ಚಿಗಳ ಮುಂದೆ ನಾನೊಬ್ಬಳೇ ಕೂತಿದ್ದೆ" ಎಂದರು. ಛತ್ರಿಯತ್ತ ಹೋಗಿದ್ದ ತವನಪ್ಪನವರ ಕೈ ಅಲ್ಲೇ ನಿಂತಿತು. ಅವರು ಏಳಲಿಲ್ಲ; ಹಿಂದಿನವರೂ ಏಳಲಿಲ್ಲ. ಮನೆಗೆ ಬಂದಾಗ ದೀಪ ಹಚ್ಚಿಯಾಗಿತ್ತು. ದಾರಿ ಕಾಯುತ್ತ ತಾನೂ ಉಣ್ಣದೆ ಕೂತಿದ್ದ ಹೆಂಡತಿ ಕಾಶಿಬಾಯಿ ಅಡುಗೆಗೆ ಮುಚ್ಚಳ ಹಾಕುತ್ತ, "ಒಂದ ಹೊತ್ತ ಉಪಾಸ ಆದ್ರ ಆಗ್ಲಿ. ಕಡೀಕ ಆ ಭಾಷಣದ ಬಾಯಾರು ಏನಂದ್ರು?" ಎಂದು ಕೇಳಿದಳು. "ಏನಿಲ್ಲ, ಇಷ್ಟೊತ್ತು ಕುಂತವ್ರಿಗೆಲ್ಲ ಕೈ ಮುಗದ್ರು" ಎಂದ ತವನಪ್ಪನವರು, ಹಾಗೆಯೇ ಅವಳತ್ತ ತಿರುಗಿ ಕೈ ಮುಗಿದರು.