ನಾನು ಹೊಡೆದು ಹಾಕಿದ ಹೆಸರು

ಮದುವೆ ಮನೆಗಳಲ್ಲಿ ಹೆಣ್ಣು ಒಪ್ಪಿಸುವಾಗ ಹಾಡುವ ಆ ರೊಟ್ಟಿಯ ಹಾಡು ಹಳೆಯ ಹಾಡಲ್ಲ. ಅದನ್ನು ಕಟ್ಟಿದವಳು ನವಲಗುಂದದ ಮಾಬೂಬಿ, ಜಮಖಾನೆ ನೇಯುತ್ತಿದ್ದ ಹೆಣ್ಣುಮಗಳು. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಹತ್ತಾರು ಜನರ ಎದುರು, ಅವಳ ಮುಖ ನೋಡುತ್ತಲೇ, ಅದು ಅವಳದಲ್ಲ ಎಂದೆ. ಎಷ್ಟೋ ವರ್ಷ ಇದನ್ನು ಯಾರಿಗೂ ಹೇಳಿರಲಿಲ್ಲ — ಗಂಡನಿಗೂ ಹೇಳಿರಲಿಲ್ಲ.

ಎಂಬತ್ತರ ದಶಕದ ಆರಂಭ. ನಾನು ನವಲಗುಂದದ ಒಂದು ಪ್ರಾಥಮಿಕ ಶಾಲೆಯಲ್ಲಿ ಅಕ್ಕೋರು. ಜನಗಣತಿಯ ಹಾಳೆ ಹಿಡಿದು ಓಣಿ ಓಣಿ ತಿರುಗುವಾಗ ಅವಳ ಮನೆಗೆ ಹೋದೆ. ಗೋಡೆಗೆ ನಿಲ್ಲಿಸಿದ ಮಗ್ಗದ ಮುಂದೆ ಕುಳಿತು, ಕಬ್ಬಿಣದ ಹಣಿಗೆಯಿಂದ ನೂಲು ಬಡಿಯುತ್ತ, ಆ ಬಡಿತಕ್ಕೇ ಹೊಂದಿಸಿಕೊಂಡು ಹಾಡುತ್ತಿದ್ದಳು. ನಾನು ಹಾಳೆ ಮರೆತು ನಿಂತೆ. ಹಾಡು ಮುಗಿದ ಮೇಲೆ ಮಕ್ಕಳೆಷ್ಟು ಎಂದು ಕೇಳಿದೆ.

"ಎರಡ..." ಎಂದವಳು ತಡೆದಳು. "ಅಲ್ಲರಿ. ಒಂದ ಅಂತ ಬರ್ಕೋರಿ."

ಹಿರಿಯ ಮಗಳು ನೂರಿ, ಐದು ವರ್ಷದವಳು, ಹಿಂದಿನ ಬೇಸಗೆಯಲ್ಲಿ ಜ್ವರ ಬಂದು ತೀರಿಕೊಂಡಿದ್ದಳು. ಉಳಿದವಳು ಕಿರಿಯಳಾದ ರೆಹಾನಾ. ನಾನು ಒಂದು ಎಂದು ಬರೆದುಕೊಂಡೆ.

ಅಂದಿನಿಂದ ನನಗೆ ಅವಳ ಹಾಡಿನ ಹುಚ್ಚು. ಅವಳು, ಅವಳ ನಾದಿನಿ, ಬಾಜೂ ಮನೆಯ ಯಲ್ಲವ್ವ — ಮೂವರೂ ಸೇರಿ ಸೀಮಂತ, ತೊಟ್ಟಿಲು, ಮೆಹಂದಿ ಎಂದು ಕರೆದಲ್ಲಿಗೆ ಹೋಗಿ ಹಾಡುತ್ತಿದ್ದರು. ಯಲ್ಲವ್ವ ಢೋಲಕಿ ಬಾರಿಸುತ್ತಿದ್ದಳು. ಅವರ ಗುಂಪಿಗೆ ಹೆಸರಿರಲಿಲ್ಲ, ಬೋರ್ಡಿರಲಿಲ್ಲ. ಬೇರೆ ಮೇಳಗಳೆಲ್ಲ ಸಿನಿಮಾ ಧಾಟಿಗೆ ಮಾತು ಕೂಡಿಸಿ ಹಾಡುತ್ತಿದ್ದ ಕಾಲ ಅದು. ಇವರು ಮಾತ್ರ ತಾವೇ ಕಟ್ಟಿದ್ದನ್ನು ತಮ್ಮದೇ ಧಾಟಿಯಲ್ಲಿ ಹಾಡುವರು. ಯಮನೂರಿಗೆ, ಅಣ್ಣಿಗೇರಿಗೆ, ಹೆಸರೂ ನೆನಪಿರದ ಎಷ್ಟೋ ಹಳ್ಳಿಗಳಿಗೆ ನಾನು ಅವರ ಹಿಂದೆ ಹೋದೆ. ನನ್ನ ಟೇಪ್‌ರೆಕಾರ್ಡರ್ ಅನ್ನು ಟವೆಲ್‌ನಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು, ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಕೂಡ ಕುಳಿತು ಹೋಗಿದ್ದೇನೆ. ಮಾಬೂಬಿಗೆ ಓದು ಬರಹ ಬರುತ್ತಿರಲಿಲ್ಲ. ಅವಳ ಹಾಡುಗಳನ್ನೆಲ್ಲ ನಾನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೆ. ಬರೆಯುತ್ತ ಬರೆಯುತ್ತ — ಅವು ನನ್ನವೂ ಹೌದು ಎಂಬ ಭಾವ ನನ್ನಲ್ಲಿ ಯಾವಾಗ ಹೊಕ್ಕಿತೋ.

ಒಂದು ರವಿವಾರ ಮಧ್ಯಾಹ್ನ ಅವಳ ಒಲೆಯ ಮುಂದೆ ಕುಳಿತಿದ್ದೆ. ಹಂಚಿನ ಮೇಲಿನ ಜೋಳದ ರೊಟ್ಟಿ ಚೆಂಡಿನಂತೆ ಉಬ್ಬಿತು. ನೂರಿಗೆ ಉಬ್ಬಿದ ರೊಟ್ಟಿಯೇ ಬೇಕಾಗುತ್ತಿತ್ತಂತೆ. ಮಾಬೂಬಿ ಅದನ್ನು ತೆಗೆಯಲೇ ಇಲ್ಲ. ರೊಟ್ಟಿ ಸೀಯುತ್ತಿದ್ದರೂ ನೋಡುತ್ತ ಕುಳಿತಳು. ಆಮೇಲೆ ಬಹಳ ಸಣ್ಣ ದನಿಯಲ್ಲಿ ಎತ್ತಿದಳು:

"ಹಂಚಿನ ಮ್ಯಾಲಿನ ರೊಟ್ಟಿ ಉಬ್ಬಿ ಬಂತ ನೂರೀ
ಯಾರ ಕೈಯಾಗ ಮುರದ ಕೊಡಲೇ..."

ಸಂಜೆಯೊಳಗೆ ಐದು ನುಡಿಗಳಾದವು. ಆ ಹಾಡು ಹುಟ್ಟಿದ್ದನ್ನು ಕಂಡವಳು ನಾನೊಬ್ಬಳೇ.

ಮುಂದಿನ ವರ್ಷ ಧಾರವಾಡದಿಂದ ಒಬ್ಬರು ಹಳ್ಳಿಯ ಹಾಡುಗಳನ್ನು ಹುಡುಕಿಕೊಂಡು ಬಂದರು. ರೇಡಿಯೋದಲ್ಲಿ ಹಾಡಿಸುವುದಕ್ಕೆ ಬೇಕಾಗಿತ್ತು. ಹೆಡ್‌ಮಾಸ್ತರರು ನನ್ನನ್ನು ತೋರಿಸಿದರು. ಅವರು ನನ್ನ ನೋಟ್‌ಬುಕ್ಕು ತಿರುವಿ, ರೊಟ್ಟಿಯ ಹಾಡಿನ ಹತ್ತಿರ ನಿಂತು, ಇದು ಎಷ್ಟು ಹಳೆಯದು ಎಂದು ಕೇಳಿದರು. ಹೊಸದಾಗಿ ಕಟ್ಟಿದ ಹಾಡು ತಮಗೆ ಬೇಡ, ತಲೆಮಾರಿನಿಂದ ಬಂದದ್ದು ಮಾತ್ರ ಬೇಕು ಎಂದರು. ಓಣಿ ಎರಡು ದಾಟಿದರೆ ಮಾಬೂಬಿಯ ಮನೆ. ಕರೆದುಕೊಂಡು ಹೋಗಬಹುದಿತ್ತು. ನಾನು ಬಹಳ ಹಳೆಯದು ಎಂದೆ. ಮರುದಿನ ಬಸ್ಸಿಗೆ ಹೊರಡುವ ಮುಂಚೆ ಶುದ್ಧ ಪ್ರತಿ ಕೊಡಿ ಎಂದರು. ಅದನ್ನು ಬರೆಯುವಾಗ ನೋಟ್‌ಬುಕ್ಕಿನಲ್ಲಿ ನೂರಿ ಎಂಬ ಹೆಸರಿನ ಮೇಲೆ ಗೆರೆ ಎಳೆದು, ಪ್ರತಿಯಲ್ಲಿ ಗೌರಿ ಎಂದು ಬರೆದೆ. ಅವರೇನೂ ಹಾಗೆ ಹೇಳಿರಲಿಲ್ಲ. ನೂರಿ ಎಂದಿದ್ದರೆ ಯಾರು ಆ ಹುಡುಗಿ ಎಂದು ಕೇಳಿಯಾರು ಎಂಬ ಅಂಜಿಕೆ ನನ್ನದೇ. ಹಾಡು ಊರು ದಾಟಲಿ ಎಂದು ಮಾಡಿದೆ ಅಂತ ಆಗ ನನಗೆ ನಾನೇ ಹೇಳಿಕೊಂಡೆ. ಆದರೆ ರೇಡಿಯೋದಲ್ಲಿ ಸಂಗ್ರಹ ಎಂದು ನನ್ನ ಹೆಸರು ಕೇಳಿಬಂದಾಗ ಆದ ಹಿಗ್ಗು — ಅದು ಹಾಡಿನ ಹಿಗ್ಗಲ್ಲ.

ಯಾರೋ ಪೇಟೆಯ ಹಾಡುಗಾರ್ತಿಯರು ಅದನ್ನು ಹಾಡಿದರು. ಗೌರಿ ಎಂದಾದ ಕೂಡಲೇ ಅದು ಗಂಡನ ಮನೆಗೆ ಹೋದ ಮಗಳ ಹಾಡಾಗಿಬಿಟ್ಟಿತ್ತು. ಸತ್ತ ಕೂಸು ಮದುಮಗಳಾದಳು. ಕೆಲವೇ ದಿನಗಳಲ್ಲಿ ಹುಬ್ಬಳ್ಳಿಯ ಅಂಗಡಿಗಳಿಗೆ ಅದರ ಕ್ಯಾಸೆಟ್ ಬಂತು. ಮಾಬೂಬಿಯ ಮನೆಯಲ್ಲಿ ರೇಡಿಯೋ ಇರಲಿಲ್ಲ. ನಾನೂ ಹೇಳಲಿಲ್ಲ. ವಾರಕ್ಕೆರಡು ಸಲ ಹೋಗಿ, ಅವಳು ಕೊಟ್ಟ ಚಹಾ ಕುಡಿದು ಬರುತ್ತಿದ್ದೆ.

ಅಣ್ಣಿಗೇರಿಯ ಒಂದು ದೊಡ್ಡ ಮನೆತನದಲ್ಲಿ ತೊಟ್ಟಿಲ ಕಾರ್ಯ. ನನಗೆ ಬೇಕಾದ ಮನೆ ಅದು, ಮಾಬೂಬಿಯ ಗುಂಪನ್ನು ಕರೆಸಿದ್ದೂ ನಾನೇ. ಹೆಣ್ಣುಮಕ್ಕಳೆಲ್ಲ ಪಡಸಾಲೆಯಲ್ಲಿ ಕುಳಿತಿದ್ದರು. ಹಾಡು ಮೂರ್ನಾಲ್ಕು ಆದವು. ಯಾರೋ ಮಕ್ಕಳ ಹಾಡು ಕೇಳಿದರು. ಮಾಬೂಬಿ ನನ್ನ ಕಡೆ ನೋಡಿ ಸಣ್ಣಗೆ ನಕ್ಕು, ರೊಟ್ಟಿಯ ಹಾಡು ಎತ್ತಿದಳು. ಎರಡನೆಯ ನುಡಿಗೇ ಮನೆಯೊಡತಿ ಕೈ ಎತ್ತಿ ನಿಲ್ಲಿಸಿದಳು. ಇದು ಕ್ಯಾಸೆಟ್ಟಿನ ಹಾಡು, ಗೌರಿ ಇದ್ದಲ್ಲಿ ನೂರಿ ಅಂತ ಯಾಕೆ ಹಾಕಿದ್ದೀ ಎಂದಳು. ಮಾಬೂಬಿಗೆ ಮೊದಲು ಅರ್ಥವೇ ಆಗಲಿಲ್ಲ. ಇದು ತಾನು ಕಟ್ಟಿದ್ದು, ನೂರಿ ತನ್ನ ಮಗಳು ಎಂದಳು. ಒಬ್ಬಿಬ್ಬರು ನಕ್ಕರು. ಕ್ಯಾಸೆಟ್ಟಿನ ಹಾಡು ಕದ್ದು ತನ್ನದು ಅಂತಾಳೆ ಎಂದು ಯಾರೋ ಹಿಂದಿನಿಂದ ಅಂದರು. ಅವಳು ನನ್ನತ್ತ ತಿರುಗಿದಳು. ಮುಖದಲ್ಲಿ ಒಂದಿಷ್ಟೂ ಹೆದರಿಕೆ ಇರಲಿಲ್ಲ. ನಾನಿದ್ದೆನಲ್ಲ.

"ಅಕ್ಕೋರ, ನೀವು ಹೇಳ್ರಿ. ನಿಮ್ಮ ಮುಂದ ಕಟ್ಟೇನಿ ಇದನ್ನ."

ಹೆಡ್‌ಮಾಸ್ತರರ ಹೆಂಡತಿ ಅಲ್ಲೇ ಕುಳಿತಿದ್ದರು. ರೇಡಿಯೋದಲ್ಲಿ ನನ್ನ ಹೆಸರು ಬಂದದ್ದನ್ನು ಊರಿಗೆಲ್ಲ ಹೇಳಿದವರು ಅವರೇ. ನಿಜ ಹೇಳಿದರೆ ನಾನು ಸುಳ್ಳುಗಾರ್ತಿ...

"ಹಳೇ ಹಾಡ ಐತಿ ಅದು," ಎಂದೆ. "ನಮ್ಮವ್ವನೂ ಹಾಡ್ತಿದ್ಲು."

ನಮ್ಮವ್ವ ಜನ್ಮದಲ್ಲಿ ಆ ಹಾಡು ಕೇಳಿರಲಿಲ್ಲ. ಅಷ್ಟೊಂದು ಸಲೀಸಾಗಿ ಆ ಎರಡನೆಯ ಮಾತು ನನ್ನ ಬಾಯಿಂದ ಹೇಗೆ ಬಂತೋ.

ಮಾಬೂಬಿ ಜಗಳ ಆಡಲಿಲ್ಲ. ಸೆರಗು ತಲೆಯ ಮೇಲೆಳೆದುಕೊಂಡು ಎದ್ದಳು. ಯಲ್ಲವ್ವ ಢೋಲಕಿ ಎತ್ತಿಕೊಂಡು, ನನ್ನನ್ನೇ ನೋಡುತ್ತ ಹಿಂದೆ ಹೋದಳು. ಮೂವರೂ ಊಟ ಮಾಡದೆ ಬಸ್‌ಸ್ಟ್ಯಾಂಡಿಗೆ ನಡೆದರೆಂದು ಆಮೇಲೆ ತಿಳಿಯಿತು. ನಾನು ಉಂಡೇ ಬಂದೆ.

ಅದಾದ ಮೇಲೆ ಅವಳು ಎಲ್ಲಿಯೂ ಹಾಡಲಿಲ್ಲ. ಅವಳ ಬಾಗಿಲ ಮುಂದೆ ಹಾದುಹೋಗುವಾಗ ಹಣಿಗೆಯ ಬಡಿತ ಮಾತ್ರ ಕೇಳುತ್ತಿತ್ತು. ರೆಹಾನಾಳನ್ನು ಮಾತ್ರ ಒಂದು ದಿನವೂ ಶಾಲೆ ತಪ್ಪಿಸಲಿಲ್ಲ. ನಾನೇ ಆ ಹುಡುಗಿಗೆ ಮಗ್ಗಿ ಹೇಳಿಕೊಡುತ್ತ, ಅವಳ ಕಣ್ಣು ನೋಡದಿರಲು ಕಲಿತೆ. ಎರಡು ವರ್ಷಕ್ಕೆ ಬೇಡಿ ವರ್ಗ ಮಾಡಿಸಿಕೊಂಡು ಕಲಘಟಗಿ ಕಡೆಗೆ, ಮಿಶ್ರಿಕೋಟಿಗೆ ಹೋದೆ. ಅಲ್ಲಿಯೇ ನಿವೃತ್ತಳಾದೆ.

ಮಾಬೂಬಿ ತೀರಿಕೊಂಡ ಸುದ್ದಿ ಕಳೆದ ವರ್ಷ ಬಂತು. ನಲವತ್ತು ದಿನ ಕಳೆದ ಮೇಲೆ ನವಲಗುಂದಕ್ಕೆ ಹೋದೆ. ರೆಹಾನಾಗೂ ಈಗ ಕೂದಲು ನರೆತಿದೆ. ನೀರು ಕೊಟ್ಟಳು, ಕೂರಿಸಿದಳು. ಎಲ್ಲವನ್ನೂ ಹೇಳಿದೆ — ಗೆರೆ ಎಳೆದದ್ದು, ರೇಡಿಯೋ, ಅಣ್ಣಿಗೇರಿ. ಬೈಯುತ್ತಾಳೆ ಎಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು.

"ಅಮ್ಮಾ ನಿಮ್ಮನ್ನ ಎಂದೂ ತಪ್ಪು ಅನ್ನಲಿಲ್ರಿ," ಎಂದಳು. "ಅಕ್ಕೋರು ಓದಿದವರು, ಸುಳ್ಳು ಯಾಕ ಹೇಳ್ತಾರ ಅಂತಿದ್ಲು. ಎಲ್ಲೋ ಕೇಳಿದ್ದನ್ನ ನಾನ ಕಟ್ಟೇನಿ ಅಂತ ತಿಳಕೊಂಡಿರಬೇಕು ಅಂತಿದ್ಲು. ಸಾಯೂತನಾ ಹಂಗ ಅಂದ್ಕೊಂಡಿದ್ಲರಿ."

ನಾನು ಮಾಬೂಬಿಯಿಂದ ಹಾಡನ್ನಷ್ಟೇ ಕಿತ್ತುಕೊಂಡೆ ಎಂದು ಇಷ್ಟು ವರ್ಷ ತಿಳಿದಿದ್ದೆ. ಮಗಳಿಗಾಗಿ ತಾನೇ ಅತ್ತದ್ದೋ, ಬೇರೆ ಯಾರದೋ ಅಳುವನ್ನು ಎರವಲು ತಂದದ್ದೋ ಎಂದು ಅವಳು ಅನುಮಾನಿಸುವಂತೆ ಮಾಡಿದ್ದೆ.

ಹೊರಡುವಾಗ ರೆಹಾನಾ ಬಾಗಿಲವರೆಗೆ ಬಂದು ಒಂದೇ ಮಾತು ಕೇಳಿದಳು. "ನನ್ನ ಮುಂದ ಹೇಳಿದ್ರಿ. ಆ ಮನಿಯಾಗ ಯಾವಾಗ ಹೇಳ್ತೀರಿ?"

ಅಣ್ಣಿಗೇರಿಯ ಆ ಮನೆಯೊಡತಿ ಇನ್ನೂ ಇದ್ದಾಳೆ. ಅಂದು ನಕ್ಕವರಲ್ಲಿ ಕೆಲವರಾದರೂ ಇದ್ದಾರು. ಸೋಮವಾರ ಹೋಗುತ್ತೇನೆ, ರೆಹಾನಾಗೂ ಬರಲು ಹೇಳಿದ್ದೇನೆ. ಹೋಗುವ ಮೊದಲೇ ಇದನ್ನು ಬರೆದು ನಿಮ್ಮ ಮುಂದೆ ಇಟ್ಟಿದ್ದೇನೆ. ಬಸ್ಸಿನಲ್ಲಿ ಕುಳಿತ ಮೇಲೆ ನನಗೆ ಮತ್ತೊಂದು ನೆಪ ಹೊಳೆದೀತು. ನನ್ನನ್ನು ನಾನು ಬಲ್ಲೆ.