ಫ್ಯಾನ್ ಆರಿಸುವ ಅಕ್ಕ

"ಅಮ್ಮಾ, ಈ ಅಕ್ಕ ಬಂದ ತಕ್ಷಣ ಫ್ಯಾನ್ ಯಾಕೆ ಆರಿಸ್ತಾಳೆ? ಅವಳಿಗೆ ಸೆಕೆನೇ ಆಗಲ್ವಾ?" ಎಂದು ಮಗಳು ಕೇಳಿದಾಗ ತಾಯಿಗೆ ನಗು ಬಂತು, ಏಕೆಂದರೆ ವಿಶ್ವವಿದ್ಯಾಲಯದಲ್ಲಿ ಜಾನಪದ ಓದುವ ಆ ಮಹಡಿ ಮನೆಯ ಹುಡುಗಿಗೆ ಸೆಕೆ, ಹಸಿವು, ನಾಚಿಕೆ ಯಾವುದೂ ಇದ್ದಂತಿರಲಿಲ್ಲ. ರೆಕಾರ್ಡರಿನೊಳಗೆ ಗರಗರ ಸದ್ದು ಸೇರುತ್ತದೆಂದು ಅವಳು ಕಾಲಿಟ್ಟ ಮನೆಯಲ್ಲೆಲ್ಲ ಫ್ಯಾನ್ ನಿಲ್ಲುತ್ತಿತ್ತು, ಕುಕ್ಕರ್ ಒಲೆಯಿಂದ ಇಳಿಯುತ್ತಿತ್ತು. ಕುಡಿದರೆ ಸೊರಕ್ ಎಂದೀತೆಂದು ಅವಳ ಕೈಯ ಚಹಾ ಕೆನೆಗಟ್ಟುತ್ತಿತ್ತು. ಹಾಲಿನವನು ಯಾರನ್ನೋ ಬೈದರೂ ಬಿಡುತ್ತಿರಲಿಲ್ಲ: "ಅಣ್ಣಾ, ಇನ್ನೊಂದ್ಸಲ ಬೈಯಿರಿ, ನಿಧಾನಕ್ಕೆ. ಇದನ್ನ ನಿಮಗೆ ಯಾರು ಕಲಿಸಿದ್ದು?" "ನಮ್ಮಪ್ಪ. ನಂಗೇ ಬೈದು ಕಲಿಸಿದ್ದು" ಎಂದು ಅವನು ಹೇಳಿದ್ದೂ ಅವಳ ಪುಸ್ತಕ ಸೇರಿತು. ಈಗ ಅವಳು ಕಥೆ ಹೇಳಿಸಲು ಹಿಡಿದಿದ್ದು ತಾಯಿಯ ಅತ್ತೆಯನ್ನು. ಪಾರ್ಶ್ವವಾಯು ಬಡಿದಂದಿನಿಂದ ಅತ್ತೆಗೆ ಮಾತು ತಡವರಿಸುತ್ತಿತ್ತು. "ನೀ…" ಎನ್ನುವಷ್ಟರಲ್ಲಿ ಮಗ ನೀರು ತರುತ್ತಿದ್ದ. ಕೆಲಸದ ಗಡಿಬಿಡಿಯಲ್ಲಿ ಉಳಿದ ಮಾತನ್ನು ಸೊಸೆಯೇ ಮುಗಿಸಿಬಿಡುತ್ತಿದ್ದಳು. ಪ್ರೀತಿಯಿಂದಲೇ, ಆದರೂ ಅತ್ತೆ ಬರಬರುತ್ತ ಬಾಯಿ ತೆರೆಯುವುದನ್ನೇ ಬಿಟ್ಟಿದ್ದರು. ಈ ಹುಡುಗಿಯೋ, ಗಲ್ಲಕ್ಕೆ ಕೈಕೊಟ್ಟು ಕಾಯುತ್ತಿದ್ದಳು. ಹೇಳುವವರ ಮಾತನ್ನು ತಾವು ಮುಗಿಸಬಾರದೆಂಬುದೇ ಜಾನಪದ ಓದುವವರ ಮೊದಲ ಪಾಠವಂತೆ. ಹತ್ತು ನಿಮಿಷದ ಕಥೆ ಮೂರು ಮಧ್ಯಾಹ್ನ ನಡೆಯಿತು, ನಡುವೆ ಅತ್ತೆ ಎರಡು ಸಲ ನಕ್ಕರು. ತಾಯಿಗೆ ಆ ಪಾಠ ಹೇಳಿಕೊಟ್ಟವರಿಗೆ ಕೈಮುಗಿಯಬೇಕೆನಿಸಿತು. ಮೂರನೆಯ ದಿನ, ಕಥೆಯಲ್ಲಿ ಬಾವಿಗಿಳಿದ ಕಿರಿಯ ಮಗಳಿಗೆ ಅಲ್ಲೇನು ಸಿಕ್ಕಿತೆಂದು ಹೇಳಲು ಅತ್ತೆಯ ತುಟಿ ಒದ್ದಾಡುತ್ತಿತ್ತು. ಮೊಮ್ಮಗಳ ತೊಟ್ಟಿಲ ಪಕ್ಕ ಹಿಂದೆ ಅವರೇ ಹೇಳುತ್ತಿದ್ದ ಕಥೆಯದು. ಆ ಪದ ತಾಯಿಯ ನಾಲಿಗೆಯ ತುದಿಗೆ ಬಂದಾಗಿತ್ತು. ಹುಡುಗಿ ಅವಳ ಮೊಣಕೈ ಹಿಡಿದು ಪಿಸುಗುಟ್ಟಿದಳು: "ಅಕ್ಕಾ, ಒಂದು ಉಪಕಾರ ಮಾಡಿ. ಅದನ್ನ ನೀವು ಹೇಳಿಬಿಡಬೇಡಿ. ಅಜ್ಜಿಗೇ ಸಿಗುತ್ತೆ."